ಪೆಟ್ಟಿಗೆಯಲ್ಲಿಟ್ಟ ಮೋಟಾರಿನ ಉಳಿತಾಯ

ನಮ್ಮ ಊರಿನ ಮನೆಗಳವರು ಕಳೆದ ವರ್ಷ ವಿದ್ಯುತ್ ಉಳಿಸುವುದರಲ್ಲಿ ನಿರೀಕ್ಷೆಗೂ ಮೀರಿದ ಯಶಸ್ಸು ಸಾಧಿಸಿದ್ದರಿಂದ ವಿದ್ಯುತ್ ದರವನ್ನು ನಾಲ್ಕು ಬಾರಿ ಏರಿಸಬೇಕಾಯಿತು. ಈ ಬಗ್ಗೆ ಸಾರ್ವಜನಿಕರಲ್ಲಿ ಕೆಲವು ತಪ್ಪು ತಿಳಿವಳಿಕೆಗಳಿದ್ದವು. ಈಗ ಇಲ್ಲ. ಅವು ಹೇಗೆ ನಿವಾರಣೆಯಾದವು ಎಂಬುದನ್ನು ದಾಖಲಿಸಲು ನನಗಿಂತ ಸೂಕ್ತ ವ್ಯಕ್ತಿ ಸಿಗಲಾರ, ಏಕೆಂದರೆ ನಾಲ್ಕೂ ಸುತ್ತೋಲೆಗಳ ಕರಡು ಬರೆದವನು ನಾನೇ. ನನ್ನ ಕರಡಿಗೆ ತಿದ್ದುಪಡಿ ಬರುವುದು ಅಪರೂಪ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಕಡತದಲ್ಲಿದೆ.

ನಾನು ವಿದ್ಯುತ್ ಕಚೇರಿಯ ಉಳಿತಾಯ ಪ್ರೋತ್ಸಾಹ ವಿಭಾಗದಲ್ಲಿ ಗುಮಾಸ್ತ. ಐದನೇ ಮಹಡಿ. ನಮ್ಮ ಮಹಡಿಯ ದೀಪಗಳು ಹಗಲೂ ರಾತ್ರಿ ಉರಿಯುತ್ತವೆ. ಯಾರೂ ಅನಗತ್ಯವಾಗಿ ದೀಪ ಹಾಕಬಾರದೆಂದು ಸ್ವಿಚ್ಚುಗಳ ಪೆಟ್ಟಿಗೆಗೆ ಬೀಗ ಜಡಿಯಲಾಯಿತು. ಜಡಿಯುವ ಹೊತ್ತಿಗೆ ಅವು ಹೊತ್ತಿಕೊಂಡಿದ್ದವು. ಬೀಗದ ಕೈ ನಿರ್ವಹಣಾ ಶಾಖೆಯಲ್ಲಿದೆ, ನಿರ್ವಹಣಾ ಶಾಖೆ ಬೇರೆ ಕಟ್ಟಡದಲ್ಲಿದೆ, ಪತ್ರವ್ಯವಹಾರ ನಡೆದಿದೆ. ವಿಭಾಗ ಶುರುವಾದಾಗ ನಾವು ಆರು ಜನ ಇದ್ದೆವು. ಉಳಿತಾಯ ಹೆಚ್ಚಿದಂತೆಲ್ಲ ಅದನ್ನು ನೋಡಿಕೊಳ್ಳಲು ಜನ ಬೇಕಾದರು. ಈಗ ಇನ್ನೂರ ಹದಿನಾಲ್ಕು ಜನರಿದ್ದೇವೆ. ಬೇಸಿಗೆ ಇರುವುದರಿಂದ ಹವಾನಿಯಂತ್ರಣ ಅನಿವಾರ್ಯ.

ನಮ್ಮ ಮೊದಲ ಕರಪತ್ರದ ಘೋಷವಾಕ್ಯ ನನ್ನದು: ‘ಉರಿಸದ ದೀಪವೇ ಊರಿಗೆ ಬೆಳಕು.’ ನಿರ್ದೇಶಕರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, “ಅರ್ಥ ಆಗದಿದ್ರೂ ಮನಸ್ಸಿಗೆ ನಾಟತ್ತೆ ಕಣ್ರೀ” ಎಂದು ಮೆಚ್ಚಿದರು. ಒಂದು ಲಕ್ಷ ಪ್ರತಿ ಅಚ್ಚಾಯಿತು. ಅದರಲ್ಲಿ ಒಂದನ್ನು ಮನೆಗೆ ಒಯ್ದು ಅಕ್ಕನಿಗೆ ಕೊಟ್ಟೆ. ನಾನು ಮಾಡಿದ ತಪ್ಪು ಅದೊಂದೇ.

ಅಕ್ಕ ದರ್ಜಿ. ನಮ್ಮಿಬ್ಬರದೂ ಒಂದೇ ಮನೆ. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಹಿಂದಿನದರಲ್ಲಿ ನನ್ನ ಮಂಚ. ನನ್ನನ್ನು ಓದಿಸಿದ್ದು ಆ ಯಂತ್ರ. ಇಪ್ಪತ್ತು ವರ್ಷ ಅವಳು ಅದನ್ನು ಕಾಲಲ್ಲಿ ತುಳಿದಳು. ನನಗೆ ಪದವಿ ಬಂತು, ಅವಳ ಬಲ ಮೊಣಕಾಲು ಹೋಯಿತು. ಇನ್ನು ತುಳಿದರೆ ನಡೆಯೋದೂ ಕಷ್ಟ ಎಂದು ಡಾಕ್ಟರು ಹೇಳಿದ ವರ್ಷವೇ ನನಗೆ ನೌಕರಿ ಸಿಕ್ಕಿತು. ಮೊದಲ ಸಂಬಳದಲ್ಲಿ ನಾನು ಯಂತ್ರಕ್ಕೆ ಒಂದು ಪುಟ್ಟ ಮೋಟಾರು ಕೂಡಿಸಿಕೊಟ್ಟೆ. ಅವತ್ತು ಅಕ್ಕ ಪಾದದ ತುದಿಯಿಂದ ಗುಂಡಿಯನ್ನು ಒತ್ತಿ, ಬಟ್ಟೆ ತಾನಾಗಿಯೇ ಓಡುವುದನ್ನು ನೋಡಿ ಮಗುವಿನಂತೆ ನಕ್ಕಳು. ನನ್ನ ಬದುಕಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ಆ ಮೋಟಾರನ್ನೇ ತೋರಿಸುತ್ತೇನೆ.

ಅಕ್ಕ ಕರಪತ್ರವನ್ನು ಓದಿ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದಳು. ಬಟ್ಟೆ ಕೊಡಲು ಬಂದವರಿಗೆಲ್ಲ, “ನನ್ನ ತಮ್ಮ ಬರ್ದಿರೋದು” ಎಂದು ಬೆರಳು ಮಾಡಿ ತೋರಿಸಿದಳು. ಒಂದು ವಾರವಾದ ಮೇಲೆ ಚಿಕ್ಕಪುಟ್ಟ ಹೊಲಿಗೆಗೆ ಮೋಟಾರು ಯಾಕೆ ಎಂದು ಪೆಡಲಿಗೆ ಬೆಲ್ಟು ಹಾಕಿಕೊಂಡಳು.

“ಅಕ್ಕಾ, ಮೊಣಕಾಲು?” ಎಂದೆ.

“ತಮ್ಮ ಊರಿಗೆಲ್ಲ ಬುದ್ಧಿ ಹೇಳ್ತಾನೆ, ಅಕ್ಕ ಮನೇಲಿ ಕರೆಂಟ್ ಸುಡ್ತಾಳೆ ಅಂತ ಜನ ಆಡ್ಕೊಳ್ಳಲ್ವೇನೋ?” ಎಂದಳು.

ಇಡೀ ಊರು ಹೀಗೆಯೇ ಮಾಡಿತು. ಮೂರು ತಿಂಗಳಲ್ಲಿ ಮನೆಗಳ ಬಳಕೆ ಶೇಕಡಾ ಮೂವತ್ತು ಇಳಿಯಿತು. ಐದನೇ ಮಹಡಿಯಲ್ಲಿ ಸಿಹಿ ಹಂಚಿದೆವು. ಎರಡನೇ ಮಹಡಿಯಲ್ಲಿ ಲೆಕ್ಕಪತ್ರ ಶಾಖೆಯವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಕಂಬಗಳು ಅಷ್ಟೇ, ತಂತಿಗಳು ಅಷ್ಟೇ, ನೌಕರರು ಇನ್ನೂರ ಎಂಟು ಮಂದಿ ಹೆಚ್ಚು, ಮಾರಾಟವಾದ ಯೂನಿಟ್ಟು ಮಾತ್ರ ಕಡಿಮೆ. ನನ್ನ ಮೊದಲ ಸುತ್ತೋಲೆ ಹೊರಟಿತು: ‘ಗ್ರಾಹಕರ ಶ್ಲಾಘನೀಯ ಸಹಕಾರದಿಂದ ಉಂಟಾದ ನಷ್ಟವನ್ನು ಸದರಿ ಗ್ರಾಹಕರಿಂದಲೇ ಭರಿಸಿಕೊಳ್ಳುವ ಸಲುವಾಗಿ, ದರವನ್ನು ಸಂತೋಷಪೂರ್ವಕವಾಗಿ ಪರಿಷ್ಕರಿಸಲಾಗಿದೆ.’ ‘ಸಂತೋಷಪೂರ್ವಕವಾಗಿ’ ಎಂಬುದು ನಿರ್ದೇಶಕರು ಸೇರಿಸಿದ್ದು.

ಅಕ್ಕ ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿದಳು.

“ಅಲ್ವೋ, ಯೂನಿಟ್ ಕಡಿಮೆಯಾಗಿದೆ. ಬಿಲ್ಲು ಮೊದಲಿನಷ್ಟೇ ಇದೆಯಲ್ಲೋ?”

“ನೀನು ಉಳಿಸ್ದೇ ಇದ್ದಿದ್ರೆ ಇನ್ನೂ ಜಾಸ್ತಿ ಬರ್ತಿತ್ತು ಅಕ್ಕ.”

“ನಾವ್ಯಾರೂ ಉಳಿಸ್ದೇ ಇದ್ದಿದ್ರೆ ದರಾನೇ ಏರ್ತಿರ್ಲಿಲ್ಲ, ಹೌದು ತಾನೇ?”

ಈ ಪ್ರಶ್ನೆ ನಮ್ಮ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲವೆಂದು ತಿಳಿಸಿ ಊಟಕ್ಕೆ ಕೂತೆ.

ದರ ಏರಿದ್ದರಿಂದ ಜನ ಇನ್ನಷ್ಟು ಉಳಿಸಿದರು. ಎದುರುಮನೆಯ ಲೆಕ್ಕದ ಮೇಷ್ಟ್ರು, ನಿವೃತ್ತರು, ಬಚ್ಚಲಮನೆಯ ಬಲ್ಬನ್ನೇ ಕಳಚಿಟ್ಟು, ಒಳಗೆ ಯಾರಿದ್ದಾರೆಂದು ತಿಳಿಯಲಿ ಅಂತ ಮಗ್ಗಿ ಹೇಳುತ್ತ ಸ್ನಾನ ಮಾಡತೊಡಗಿದರು. ಬೆಳಗಿನ ಹೊತ್ತು ಹದಿನೇಳರ ಮಗ್ಗಿ ನಮ್ಮ ಮನೆಗೂ ಕೇಳುತ್ತಿತ್ತು. ಅಕ್ಕ ಮೋಟಾರನ್ನು ಪೂರ್ತಿ ಬಿಚ್ಚಿ, ಹಳೆಯ ಸೀರೆಯಲ್ಲಿ ಸುತ್ತಿ, ತಗಡಿನ ಪೆಟ್ಟಿಗೆಯಲ್ಲಿಟ್ಟಳು. ಉಳಿತಾಯ ಮತ್ತೆ ಏರಿತು, ಆದ್ದರಿಂದ ದರವೂ. ಎರಡನೇ ಸುತ್ತೋಲೆಯನ್ನು ಬರೆಯುವಾಗ ಮೊದಲಿನದನ್ನೇ ಎದುರಿಗಿಟ್ಟುಕೊಂಡು ದಿನಾಂಕ ಮಾತ್ರ ಬದಲಿಸಿದೆ.

ಆಗ ಜನ ಗೊಣಗಿದರು. ಅದಕ್ಕೂ ನಿಯಮದಲ್ಲಿ ಅವಕಾಶವಿದೆ. ಸಾರ್ವಜನಿಕ ಅಹವಾಲು ಸಭೆ ಕರೆದೆವು. ಅಹವಾಲುಗಳನ್ನು ಆರು ಪ್ರತಿಗಳಲ್ಲಿ, ಸಭೆಗೆ ಮೂವತ್ತು ದಿನ ಮುಂಚಿತವಾಗಿ ಸಲ್ಲಿಸತಕ್ಕದ್ದು ಎಂದು ಸಭೆಯ ಹಿಂದಿನ ದಿನ ಪ್ರಕಟಿಸಿದೆವು. ಆದರೂ ಸಭಾಂಗಣ ತುಂಬಿತ್ತು. ಒಳಗೆ ಎಷ್ಟು ತಂಪಾಗಿತ್ತೆಂದರೆ ಕೆಲವರು ಬಂದ ಕೆಲಸ ಮರೆತು ನಿದ್ದೆ ಹೋದರು.

ಅಕ್ಕ ಎದ್ದು ನಿಂತಳು. ನಾನು ವೇದಿಕೆಯ ಮೇಲೆ ನಿರ್ದೇಶಕರ ಹಿಂದೆ ಕಡತ ಹಿಡಿದು ನಿಂತಿದ್ದೆ.

“ಸ್ವಾಮಿ, ನಾವು ಕಡಿಮೆ ಉರಿಸಿದ್ರೆ ನಿಮಗೆ ಕಡಿಮೆ ಖರ್ಚು. ಮತ್ತೆ ದರ ಯಾಕೆ ಏರತ್ತೆ?”

ನಿರ್ದೇಶಕರು ಶಾಂತವಾಗಿ ಹೇಳಿದರು. “ಅಮ್ಮಾ, ಕಂಬ ನಿಂತೇ ಇರತ್ತೆ. ನೀವು ದೀಪ ಆರಿಸಿದ್ರಿ ಅಂತ ಅದು ಮಲಗೋದಿಲ್ಲ. ಕಂಬದ ಖರ್ಚು, ತಂತಿ ಖರ್ಚು, ಉಳಿಸಿ ಅಂತ ನಿಮಗೆ ಹೇಳೋಕೆ ಆದ ಖರ್ಚು, ಇದೆಲ್ಲಾನೂ ಮಾರಿದ ಯೂನಿಟ್ ಮೇಲೇ ಹಾಕ್ಬೇಕು. ಯೂನಿಟ್ ಕಡಿಮೆಯಾದ್ರೆ ಒಂದೊಂದರ ತಲೆ ಮೇಲೂ ಹೊರೆ ಜಾಸ್ತಿ.”

ಮೇಷ್ಟ್ರಿಗೆ ಇದು ಅರ್ಥವಾಯಿತು. ಲೆಕ್ಕ ಸರಿಯಾಗಿತ್ತು, ಅದೇ ಅವರಿಗೆ ನೋವು. “ಹಾಗಾದ್ರೆ ನಾವೆಲ್ಲ ಜಾಸ್ತಿ ಉರಿಸಿದ್ರೆ ದರ ಇಳಿಯತ್ತಾ?”

“ತಾತ್ವಿಕವಾಗಿ” ಎಂದರು ನಿರ್ದೇಶಕರು.

ನಮ್ಮ ಬೀದಿಯವರು ಆ ಒಂದು ಮಾತನ್ನು ನಂಬಿ ಮನೆಗೆ ಬಂದರು. ಮಾರನೆಯ ದಿನದಿಂದ ಮೇಷ್ಟ್ರು ಖಾಲಿ ಕೋಣೆಯಲ್ಲಿ ಫ್ಯಾನು ಹಾಕಿ ಬಾಗಿಲು ಮುಚ್ಚಿದರು. ಪಕ್ಕದ ಮನೆಯಾಕೆ ಇಸ್ತ್ರಿ ಮಾಡಿದ ಬಟ್ಟೆಯನ್ನೇ ಮತ್ತೆ ಇಸ್ತ್ರಿ ಮಾಡಿದರು. ಸುದ್ದಿ ಬೀದಿಯಿಂದ ಬೀದಿಗೆ ಹಬ್ಬಿತು. ಒಂದು ತಿಂಗಳು ಊರಿನವರೆಲ್ಲ ಹಲ್ಲು ಕಚ್ಚಿಕೊಂಡು, ದರ ಇಳಿಸುವ ಸಲುವಾಗಿ, ಬೇಡದ ದೀಪಗಳನ್ನೆಲ್ಲ ಉರಿಸಿದರು. ಅಕ್ಕ ಮಾತ್ರ ಮೋಟಾರನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ. “ಇಳಿದ ಮೇಲೆ ತೆಗೀತೀನಿ” ಎಂದಳು. ನನಗಿಂತ ಅವಳಿಗೆ ನನ್ನ ಕಚೇರಿ ಚೆನ್ನಾಗಿ ಗೊತ್ತಿತ್ತು.

ತಿಂಗಳ ಕೊನೆಗೆ ಬೇಡಿಕೆ ಮಿತಿಮೀರಿದ್ದರಿಂದ ಹೊರಗಿನಿಂದ ದುಬಾರಿ ಬೆಲೆಗೆ ವಿದ್ಯುತ್ ಕೊಳ್ಳಬೇಕಾಯಿತು. ಮೂರನೇ ಏರಿಕೆ. ಸುತ್ತೋಲೆಯಲ್ಲಿ ‘ಗ್ರಾಹಕರ ಬೇಜವಾಬ್ದಾರಿಯಿಂದ’ ಎಂದು ಬರೆದೆ. ಮೇಷ್ಟ್ರು ಫ್ಯಾನು ನಿಲ್ಲಿಸಿ, ಬಲ್ಬು ಕಳಚಿ, ಹದಿನೆಂಟರ ಮಗ್ಗಿ ಶುರು ಮಾಡಿದರು.

ಇಷ್ಟಾದ ಮೇಲೆ ಉಳಿತಾಯವನ್ನು ಜನರ ಮರ್ಜಿಗೆ ಬಿಡುವುದು ಸರಿಯಲ್ಲವೆಂದು ನಿರ್ದೇಶಕರಿಗೆ ಮನವರಿಕೆಯಾಯಿತು. “ಬಳಸಿದ್ದನ್ನ ಅಳೆಯೋಕೆ ಮೀಟರ್ ಇದೆ. ಬಳಸದೆ ಇದ್ದಿದ್ದನ್ನ ಅಳೆಯೋಕೆ ಏನಿದೆ?” ಎಂದು ಅವರು ಕೇಳಿದಾಗ ಸಭೆಯಲ್ಲಿದ್ದವರೆಲ್ಲ ಪ್ರಶ್ನೆಯನ್ನು ಬರೆದುಕೊಂಡರು. ಹೀಗೆ ಪ್ರತಿ ಮನೆಗೂ ಎರಡನೆಯ ಮೀಟರು ಬಂತು. ಹೆಸರು ಉಳಿತಾಯ ಮಾಪಕ. ಮೊದಲನೆಯದರ ಪಕ್ಕದಲ್ಲೇ, ಅದಕ್ಕಿಂತ ಎರಡರಷ್ಟು ದೊಡ್ಡದು, ಹಸಿರು ಬಣ್ಣ. ಮನೆಯಲ್ಲಿ ಏನೂ ಓಡದೇ ಇದ್ದಾಗ ಇದು ಓಡುತ್ತದೆ. ಓಡಲು ಇದಕ್ಕೆ ವಿದ್ಯುತ್ ಬೇಕು, ಅದು ಮೊದಲನೆಯ ಮೀಟರಿನಲ್ಲಿ ದಾಖಲಾಗುತ್ತದೆ. ಮಾಪಕದ ಬೆಲೆಯನ್ನು ತುಂಬಿಕೊಳ್ಳಲು ನಾಲ್ಕನೇ ಏರಿಕೆ.

ನಮ್ಮ ಮನೆಗೆ ಮಾಪಕ ಕೂಡಿಸಲು ಬಂದವನು ಹಳೆಯ ಮೀಟರ್ ರೀಡರ್. ಎಷ್ಟೋ ವರ್ಷಗಳಿಂದ ನಮ್ಮ ಬೀದಿಗೆ ಬರುವವನು, ಅಕ್ಕನನ್ನು ಅಕ್ಕ ಎಂದೇ ಕರೆಯುವವನು. ಮನೆಯಲ್ಲಿರುವ ವಸ್ತುಗಳ ಪಟ್ಟಿ ಮಾಡುತ್ತ ಕೇಳಿದ.

“ಹೊಲಿಗೆ ಮೋಟಾರು ಒಂದು ಇತ್ತಲ್ಲ ಅಕ್ಕ?”

“ಪೆಟ್ಟಿಗೇಲಿದೆ. ಓಡಿಸ್ತಾ ಇಲ್ಲ.”

“ಓಡಿಸ್ತಾ ಇಲ್ಲ ಅಂದ್ರೆ ಉಳಿಸ್ತಾ ಇದೆ ಅಂತ ತಾನೇ? ಬರ್ಕೋಬೇಕು.” ಬರೆದುಕೊಂಡ. “ದಿನಕ್ಕೆ ಎಷ್ಟು ಗಂಟೆ ಓಡಿಸ್ತಿರ್ಲಿಲ್ಲ?”

ಅಕ್ಕ ಸ್ವಲ್ಪ ಯೋಚಿಸಿ, “ಹತ್ತು ಗಂಟೆ” ಎಂದಳು.

“ತುಂಬಾ ಶ್ರಮ ಪಡ್ತೀರಿ” ಎಂದು ಅವನು ಮನಸಾರೆ ಹೇಳಿದ.

ಮಾಪಕದ ಜೊತೆಗೆ ಆದರ್ಶ ಗೃಹ ಸ್ಪರ್ಧೆಯ ಪ್ರಕಟಣೆಯೂ ಬಂತು. ಮೂರು ತಿಂಗಳಲ್ಲಿ ಯಾರ ಮನೆಯ ಹಸಿರು ಮೀಟರು ಎಲ್ಲರಿಗಿಂತ ಹೆಚ್ಚು ಓಡುತ್ತದೋ ಆ ಮನೆಗೆ ಒಂದು ವರ್ಷ ನಾಲ್ಕೂ ಏರಿಕೆಗಳಿಂದ ವಿನಾಯಿತಿ, ಹಳೆಯ ದರ. ಅಕ್ಕ ಪ್ರಕಟಣೆಯನ್ನು ಮೂರು ಸಲ ಓದಿದಳು.

ಅವಳಿಗೆ ಆಗಷ್ಟೇ ಒಂದು ದೊಡ್ಡ ಕೆಲಸ ಸಿಕ್ಕಿತ್ತು. ಆಸ್ಪತ್ರೆಯ ನರ್ಸುಗಳಿಗೆ ಇನ್ನೂರು ಬಿಳಿ ಕೋಟು, ನಾಲ್ಕು ತಿಂಗಳಲ್ಲಿ. ತಡವಾದರೆ ಕೆಲಸ ಕಾರ್ಖಾನೆಯವರ ಪಾಲು, ಮುಂದಿನ ವರ್ಷ ಆಸ್ಪತ್ರೆಯವರು ಈ ಕಡೆ ತಿರುಗಿಯೂ ನೋಡುವುದಿಲ್ಲ. ಕಾಲಲ್ಲಿ ತುಳಿದರೆ ತಿಂಗಳಿಗೆ ಮೂವತ್ತಕ್ಕಿಂತ ಹೆಚ್ಚು ಆಗದು. ಈಗಿನ ದರದಲ್ಲಿ ಮೋಟಾರು ಓಡಿಸಿದರೆ ಕೂಲಿಯೆಲ್ಲ ಬಿಲ್ಲಿಗೇ ಹೋಗುತ್ತದೆ.

“ಮೂರು ತಿಂಗಳು ತುಳೀತೀನಿ” ಎಂದಳು. “ಗೆದ್ರೆ ಹಳೇ ದರ. ಕೊನೇ ತಿಂಗಳು ಮೋಟಾರು ಹಾಕಿ ಮಿಕ್ಕಿದ್ದೆಲ್ಲ ಮುಗಿಸಿಬಿಡ್ತೀನಿ. ಆಮೇಲೆ ಈ ಕಾಲು ಎತ್ತಿ ಸ್ಟೂಲ್ ಮೇಲೆ ಇಟ್ಕೊಂಡು ಕೂತ್ರೆ, ಏಳೋಲ್ಲ ನೋಡು.”

ಮೂರು ತಿಂಗಳು ಅವಳು ತುಳಿದಳು. ದೀಪ ಹಾಕದೆ, ಕಿಟಕಿಯ ಪಕ್ಕ ಕೂತು, ಸೂಜಿಗೆ ದಾರ ಪೋಣಿಸಲು ಹತ್ತು ಸಲ ಪ್ರಯತ್ನಿಸುತ್ತ. ಕೆಲಸ ಮುಗಿಸಿ ಏಳುವಾಗ ಮೇಜನ್ನು ಹಿಡಿದು, ಆಮೇಲೆ ಗೋಡೆಯನ್ನು ಹಿಡಿದು ಅಡುಗೆಮನೆಗೆ ಹೋಗುತ್ತಿದ್ದಳು. ಒಂದು ದಿನ ಮೊಣಕಾಲಿಗೆ ಎಣ್ಣೆ ಹಚ್ಚುತ್ತ ಕೂತವಳು ನನ್ನನ್ನು ನೋಡಿ ಸೀರೆ ಇಳಿಬಿಟ್ಟುಕೊಂಡಳು. ನನಗೆ ತುಂಬಾ ನಾಚಿಕೆಯಾಯಿತು. ಕಚೇರಿಯ ಯಾವ ನಮೂನೆಯಲ್ಲೂ ನಾಚಿಕೆಗೆ ಅಂಕಣವಿಲ್ಲ, ಇದ್ದಿದ್ದರೆ ತುಂಬಿಸುತ್ತಿದ್ದೆ.

ಅಕ್ಕ ಗೆದ್ದಳು. ಇಡೀ ಊರಿಗೆ ಮೊದಲನೆಯವಳು. ಮೇಷ್ಟ್ರು ಎರಡನೆಯವರು. ಅವರು ಸ್ಪರ್ಧೆಗೆಂದೇ ಒಂದು ನೀರು ಕಾಯಿಸುವ ಯಂತ್ರ ಕೊಂಡು, ರಟ್ಟಿನ ಪೆಟ್ಟಿಗೆಯನ್ನೂ ಬಿಚ್ಚದೆ ಪಟ್ಟಿಗೆ ಸೇರಿಸಿದ್ದರಿಂದ ಪೈಪೋಟಿ ಬಿರುಸಾಗಿತ್ತು.

ಪ್ರಶಸ್ತಿ ಕೊಡಲು ನಿರ್ದೇಶಕರೇ ನಮ್ಮ ಮನೆಗೆ ಬಂದರು. ಹಿಂದೆ ಎರಡು ವಾಹನ, ಒಂದರಲ್ಲಿ ಪ್ರಶಸ್ತಿ. ಅದು ಬಾಗಿಲಿನಷ್ಟು ಅಗಲದ ಒಂದು ಫಲಕ, ಒಳಗಡೆಯಿಂದ ಉರಿಯುವಂಥದ್ದು: ‘ಈ ಮನೆಯಲ್ಲಿ ವಿದ್ಯುತ್ ಉಳಿಸಲಾಗುತ್ತಿದೆ.’ ಅದನ್ನು ಮುಂದಿನ ಕೋಣೆಯ ಕಿಟಕಿಗೆ ಕೂಡಿಸಿದರು. ಇಪ್ಪತ್ತನಾಲ್ಕು ಗಂಟೆಯೂ ಉರಿಯತಕ್ಕದ್ದು, ಆರಿಸುವುದು ಪ್ರಶಸ್ತಿಗೆ ಅಗೌರವ. ಅದಕ್ಕೆ ಸ್ವಿಚ್ಚು ಇಟ್ಟಿರಲಿಲ್ಲ.

ಚಪ್ಪಾಳೆ ನಿಂತ ಮೇಲೆ ಅಕ್ಕ ಪೆಟ್ಟಿಗೆಯಿಂದ ಮೋಟಾರನ್ನು ತೆಗೆದು, ಸೀರೆ ಬಿಚ್ಚಿ ಮೇಜಿನ ಮೇಲಿಟ್ಟಳು. ನಿರ್ದೇಶಕರು ಅದನ್ನು ಭಕ್ತಿಯಿಂದ ನೋಡಿ ಕೈ ಸನ್ನೆ ಮಾಡಿದರು. ಮೀಟರ್ ರೀಡರ್ ಮುಂದೆ ಬಂದು ಮೋಟಾರಿಗೆ ತಂತಿ ಸುತ್ತಿ ಅರಗಿನ ಮುದ್ರೆ ಒತ್ತಿದ.

“ಇದೇನು ಸ್ವಾಮಿ?” ಎಂದಳು ಅಕ್ಕ.

“ನಿಯಮ ಹದಿನಾಲ್ಕು, ಉಪನಿಯಮ ಮೂರು. ಮಾದರಿಯಾದ ಉಪಕರಣವನ್ನು ಮಾದರಿಯಾದ ಸ್ಥಿತಿಯಲ್ಲೇ ಕಾಪಾಡತಕ್ಕದ್ದು. ನಿಮಗೆ ವಿನಾಯಿತಿ ಸಿಕ್ಕಿದ್ದು ಈ ಮೋಟಾರು ಓಡಿಸ್ದೇ ಇದ್ದಿದ್ದರಿಂದ ಅಮ್ಮಾ. ಓಡಿಸಿದ್ರೆ ವಿನಾಯಿತಿಗೆ ಆಧಾರ ಎಲ್ಲಿರತ್ತೆ?”

“ಓಡಿಸ್ಬಾರ್ದು ಅಂದ್ಮೇಲೆ ವಿನಾಯಿತಿ ಯಾತಕ್ಕೆ?”

“ಗೌರವಕ್ಕೆ” ಎಂದರು ನಿರ್ದೇಶಕರು.

ಉಪನಿಯಮ ಮೂರನ್ನು ಬರೆದದ್ದು ನಾನು. ಆ ವಾಕ್ಯ ಹೊಳೆದ ದಿನ ನನಗೆ ಎಷ್ಟು ಹಿಗ್ಗಾಗಿತ್ತೆಂದರೆ ಪಕ್ಕದ ಮೇಜಿನವರಿಗೆ ಓದಿ ಹೇಳಿದ್ದೆ. ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ಗೋಡೆಯ ಮೇಲಿದ್ದ ನನ್ನ ಕರಪತ್ರವನ್ನು ಒಮ್ಮೆ ನೋಡಿ, ಬಂದವರಿಗೆ ಚಹಾ ಮಾಡಲು ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಹೊಲಿಯಲು ಇನ್ನೂ ನೂರ ಹತ್ತು ಕೋಟುಗಳಿದ್ದವು, ಒಂದು ತಿಂಗಳಿತ್ತು.

ಮಾರನೆಯ ದಿನ ಕಚೇರಿಯಿಂದ ಬಂದವನು ಯಂತ್ರವನ್ನು ಗೋಡೆಯಿಂದ ಈಚೆಗೆ ಎಳೆದೆ. ಅಕ್ಕನ ಎದುರು ಬದಿಯಲ್ಲಿ ಒಂದು ಮಣೆ ಹಾಕಿಕೊಂಡು ಕೂತು, ಮೇಜಿನ ಕೆಳಗೆ ಎರಡೂ ಪಾದಗಳನ್ನು ಪೆಡಲಿನ ಮೇಲಿಟ್ಟೆ.

“ಏನೋ ಇದು ಅವತಾರ?”

“ನೀನು ಹೊಲಿ. ನಾನು ತುಳೀತೀನಿ.”

ಮೊದಲ ದಿನ ಚಕ್ರ ಹಿಂದಕ್ಕೆ ತಿರುಗಿ ದಾರ ತುಂಡಾಯಿತು. ಎರಡನೆಯ ದಿನವೂ ತುಂಡಾಯಿತು. “ಅಯ್ಯೋ ದಡ್ಡ, ಹಿಮ್ಮಡಿಯಿಂದ ಶುರು ಮಾಡೋ. ಪದವಿ ಓದ್ಸಿದ್ದು ದಂಡ” ಎಂದು ಅಕ್ಕ ಕೈಯಿಂದ ಚಕ್ರಕ್ಕೆ ಚಾಲನೆ ಕೊಡಲು ಕಲಿಸಿದಳು. ನಾಲ್ಕನೆಯ ದಿನ ತಾಳ ಹೊಂದಿತು. ನನ್ನ ಹತ್ತು ದಿನದ ಗಳಿಕೆ ರಜೆಯನ್ನೂ ಹಾಕಿದೆ. ಸಂಜೆ ಕಿಟಕಿಯ ಬೆಳಕು ಹೋದ ಮೇಲೆ ಪ್ರಶಸ್ತಿಯ ಬೆಳಕಿತ್ತು. ಬಿಳಿ ಕೋಟುಗಳ ಮೇಲೆ ‘ಉಳಿಸಲಾಗುತ್ತಿದೆ’ ಎಂಬ ಅಕ್ಷರಗಳ ನೆರಳು ಬೀಳುತ್ತಿತ್ತು. ಅಕ್ಕನ ಕಾಲು ಸ್ಟೂಲಿನ ಮೇಲಿತ್ತು.

ಮೂರನೆಯ ವಾರ ಜಾಗೃತ ದಳದವರು ಬಾಗಿಲು ತಟ್ಟಿದರು. ಮೋಟಾರಿಗೆ ಮುದ್ರೆಯಿದೆ, ಮನೆಯಿಂದ ದಿನಕ್ಕೆ ಐದು ಕೋಟು ಹೊರಬರುತ್ತಿದೆ, ವಿದ್ಯುತ್ ಕಳ್ಳತನ ಇರಲೇಬೇಕು ಎಂದು ವರದಿಯಾಗಿತ್ತು. ಗೋಡೆ ಬಡಿದು ನೋಡಿದರು, ತಂತಿ ಎಣಿಸಿದರು, ಕೊನೆಗೆ ಮೇಜಿನ ಕೆಳಗೆ ಬ್ಯಾಟರಿ ಬಿಟ್ಟಾಗ ನನ್ನ ಪಾದಗಳು ಸಿಕ್ಕವು. ನಿರ್ದೇಶಕರೂ ಬಂದಿದ್ದರು. ಬಗ್ಗಿ ನೋಡಿದರು.

“ಶಕ್ತಿಯ ಮೂಲ ಯಾವುದ್ರೀ?”

“ನಾನೇ ಸರ್.”

“ಎಷ್ಟು ದಿನದಿಂದ?”

“ಇಪ್ಪತ್ತು ದಿನ ಸರ್. ದಾರ ತುಂಡಾಗ್ದೇ ಇರೋದು ಹದಿನೇಳು ದಿನದಿಂದ.”

ನಿರ್ದೇಶಕರು ಎದ್ದಾಗ ಅವರ ಕಣ್ಣು ತುಂಬಿತ್ತು. “ಇನ್ನೂರ ಹದಿನಾಲ್ಕು ಜನ ಇದ್ದೀವಿ. ಒಬ್ಬರಿಗೂ ಇದು ಹೊಳೀಲಿಲ್ಲವಲ್ಲ” ಎಂದರು.

ಆ ತಿಂಗಳ ಕೊನೆಯಲ್ಲಿ ಜಾರಿಗೆ ಬಂದದ್ದೇ ಸೋದರ ಶಕ್ತಿ ಯೋಜನೆ. ಪ್ರತಿ ಮನೆಯೂ ಒಬ್ಬ ತಮ್ಮನನ್ನು ವಿದ್ಯುತ್ತಿಗೆ ಬದಲಾಗಿ ನೋಂದಾಯಿಸತಕ್ಕದ್ದು. ತಮ್ಮ ಇಲ್ಲದವರು ಅಣ್ಣನನ್ನು, ಇಬ್ಬರೂ ಇಲ್ಲದವರು ಕಾರಣ ವಿವರಿಸಿ ಆರು ಪ್ರತಿಗಳಲ್ಲಿ ಅರ್ಜಿಯನ್ನು ಸಲ್ಲಿಸತಕ್ಕದ್ದು. ಮೇಷ್ಟ್ರ ತಮ್ಮನಿಗೆ ಎಪ್ಪತ್ತೊಂದು ವರ್ಷ. ಪಕ್ಕದ ಊರಿನಿಂದ ಬಂದು, ಕೈಚಕ್ರ ತಿರುಗಿಸಿ ಅಣ್ಣನಿಗೆ ಗಾಳಿ ಹಾಕುತ್ತಿದ್ದಾರೆ. ಸಂಜೆ ಅಣ್ಣತಮ್ಮಂದಿರು ಸೇರಿ ಮಗ್ಗಿ ಹೇಳುತ್ತಾರೆ. ಯಾರೂ ಗೊಣಗುತ್ತಿಲ್ಲ. ಬೀದಿಯಲ್ಲಿ ಸಿಕ್ಕವರು ಈಗ, “ನಿಮ್ಮ ತಮ್ಮ ಎಷ್ಟು ಯೂನಿಟ್?” ಎಂದೇ ವಿಚಾರಿಸುತ್ತಾರೆ.

ಇನ್ನೂರು ಕೋಟುಗಳು ಕೊನೆಯ ದಿನ ಸಂಜೆ ಆಸ್ಪತ್ರೆಗೆ ತಲುಪಿದವು. ಮುಂದಿನ ವರ್ಷಕ್ಕೆ ಮುನ್ನೂರು ಹೇಳಿದ್ದಾರೆ. ಮೋಟಾರು ಗಾಜಿನ ಪೆಟ್ಟಿಗೆಯಲ್ಲಿ ಐದನೇ ಮಹಡಿಗೆ ಹೋಗಿದೆ. ನೋಡಲು ಬರುವವರಿಗಾಗಿ ಅದರ ಮೇಲೆ ಯಾವಾಗಲೂ ಎರಡು ದೀಪ ಉರಿಯುತ್ತವೆ.

ಯೋಜನೆ ಅಪಾರ ಯಶಸ್ಸು ಕಂಡಿರುವುದರಿಂದ ವಿದ್ಯುತ್ ಮಾರಾಟ ಮತ್ತೆ ಕುಸಿದಿದೆ, ದರವನ್ನು ಐದನೇ ಬಾರಿ ಏರಿಸಬೇಕಾಗಿದೆ. ಆ ಸುತ್ತೋಲೆಯ ಕರಡನ್ನು ನಿನ್ನೆ ಸಂಜೆ ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ತುಳಿಯುತ್ತಲೇ ಬರೆದೆ. ಅಲ್ಲಲ್ಲಿ ಅಕ್ಷರ ಕುಣಿದಿದೆ. ಮುಗಿಸಿದ ಮೇಲೆ ಅಕ್ಕನ ಕೈಗೆ ಕೊಟ್ಟೆ. ಅವಳು ಪ್ರಶಸ್ತಿಯ ಬೆಳಕಿಗೆ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದಿದಳು.

“ಒಳಗೆ ಯಾವ ಹೊಸ ನಿಯಮಾನೂ ತೂರಿಸಿಲ್ಲ ತಾನೇ?”

“ಇಲ್ಲ ಅಕ್ಕ. ಬರೀ ದರ.”

“ಸರಿ ಹಾಗಾದ್ರೆ” ಎಂದು ಕಾಗದ ಮಡಿಸಿ ಬಾಬಿನ್ನುಗಳ ಡಬ್ಬಿಯ ಕೆಳಗಿಟ್ಟು, ಹಲ್ಲಿನಿಂದ ದಾರ ಕಡಿದು, ಹೊಸ ಕೋಟಿನ ತೋಳನ್ನು ಸೂಜಿಯಡಿಗೆ ಸರಿಸಿದಳು. “ತುಳಿ.”